ಹೊಳೆ ನಡುವೆ ನಿಂತ ಮಿಲ್ಟ್ರಿ ಲಾರಿ

ಮರಿಯಯ್ಯ ಮಿಲ್ಟ್ರಿಯಲ್ಲಿ ಇದ್ದವನಲ್ಲ. ಹರೆಯದಲ್ಲಿ ಒಮ್ಮೆ ಭರ್ತಿಗೆಂದು ಹೋಗಿ, ಎದೆಯಳತೆ ಸಾಲದೆ ಬಂದ ದಾರಿ ಹಿಡಿದವನು. ಆದರೂ ಹೇಮಗಿರಿಯಿಂದ ಬೆಳ್ಳೂರು ಕ್ರಾಸಿನವರೆಗೆ ಮಿಲ್ಟ್ರಿ ಮರಿಯಯ್ಯ ಅಂದರೇ ಜನಕ್ಕೆ ಗುರುತು. ಆ ಹೆಸರು ಅಂಟಿದ್ದು ಅವನ ಲಾರಿಯಿಂದ. ಸೇನೆಯವರು ಹರಾಜಿಗಿಟ್ಟಿದ್ದ ಹಳೆಯ ಡೀಸಲ್ ಲಾರಿಯೊಂದನ್ನು ಮದುವೆಯಾದ ವರ್ಷವೇ ತಂದು ಮನೆ ಮುಂದೆ ನಿಲ್ಲಿಸಿದ್ದ. ಪಾಚಿ ಬಣ್ಣ, ಎದೆಯೆತ್ತರದ ಟೈರು, ಮುಂದಿನ ಗಾಲಿಯೂ ಎಳೆಯುವ, ಹಿಂದಿನ ಗಾಲಿಯೂ ಎಳೆಯುವ ಗಾಡಿ. ಹೊಸ ಹೆಂಡತಿ ದ್ಯಾವಮ್ಮ ಅದನ್ನು ಕಂಡವಳೇ ಸವತಿ ಬಂದಳು ಅಂತ ಮುಖ ತಿರುಗಿಸಿಕೊಂಡು ಒಳಗೆ ಹೋದಳಂತೆ. ಅಂದಿನಿಂದ ಇಂದಿನವರೆಗೂ ಅವಳ ಬಾಯಲ್ಲಿ ಆ ಲಾರಿಗೆ ಒಳ್ಳೆಯ ಮಾತು ಬಂದದ್ದನ್ನು ಯಾರೂ ಕೇಳಿಲ್ಲ.

ಆ ಗಾಡಿ ಮಾಡದ ಕೆಲಸವಿಲ್ಲ. ಪಾಂಡವಪುರದ ಕಡೆ ನಾಲೆ ಏರಿಯಲ್ಲಿ ಹೂತ ಕಬ್ಬಿನ ಟ್ರಾಕ್ಟರು ಎಳೆಯಬೇಕೇ, ನಾಗಮಂಗಲದ ಕಲ್ಲುಗುಡ್ಡದಲ್ಲಿ ಸಿಕ್ಕಿಕೊಂಡ ಬೋರ್‌ವೆಲ್ ಲಾರಿ ಬಿಡಿಸಬೇಕೇ, ಮರಿಯಯ್ಯನಿಗೆ ಹೇಳಿಕಳಿಸು ಅನ್ನುತ್ತಿದ್ದರು. ಈಗ ಎಲ್ಲಕ್ಕೂ ಜೆಸಿಬಿ ಬಂದಿದೆ. ಬಿಡಿಭಾಗ ಸಿಗುವುದಿಲ್ಲ, ಹೊಗೆಯೋ ಊರಿಗೆಲ್ಲ ಸಾಕು. ಡೇರಿಯಲ್ಲಿ ಕಾರ್ಯದರ್ಶಿಯಾಗಿರುವ ಮಗ ಮಂಜುನಾಥ ಬೆಳ್ಳೂರು ಕ್ರಾಸಿನ ಗುಜರಿಯವನೊಬ್ಬನನ್ನು ಗೊತ್ತುಮಾಡಿದ. ಸೋಮವಾರ ಬಂದು ಕತ್ತರಿಸಿ ಹೊತ್ತೊಯ್ಯುವುದೆಂದು ಮಾತಾಯಿತು. ಮೊದಲು ತಲೆಯಾಡಿಸಿದವಳು ದ್ಯಾವಮ್ಮ. ಮರಿಯಯ್ಯ ಅಂದು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ, ಅಷ್ಟೇ.

ಅದೇ ವಾರ ಆಯುಧಪೂಜೆ ಬಂತು. ಎಷ್ಟೇ ಬೈದರೂ ಲಾರಿಗೆ ಪೂಜೆ ಮಾಡುವವಳು ದ್ಯಾವಮ್ಮನೇ. ಬೇರೆಯವರು ಬಾನೆಟ್ಟಿಗೆ ಹಾರ ಹಾಕಿ ಕೈಮುಗಿದರೆ, ಇವಳು ಡೀಸಲ್ ಟ್ಯಾಂಕಿನ ಮುಚ್ಚಳವನ್ನು ಪೂಜಿಸುವಳು. ಅದು ಗಾಡಿಯ ಬಾಯಿ, ಅನ್ನ ಉಣ್ಣುವ ಜಾಗ, ಅದಕ್ಕೆ ಮೊದಲು ಸಲ್ಲಬೇಕು ಅನ್ನುವುದು ಅವಳ ಲೆಕ್ಕ. ಅರಿಸಿನ ಕಲಸಿ ಬಳಿದು, ಕುಂಕುಮವಿಟ್ಟು, ಅರಿಸಿನದ ಕೊಂಬು ಪೋಣಿಸಿದ ದಾರವನ್ನು ಸುತ್ತಿ ಕಟ್ಟುವಳು. ಆ ದಾರ ತಾನಾಗಿ ಬಿದ್ದುಹೋಗುವವರೆಗೆ ಯಾರೂ ಬಿಚ್ಚುವಂತಿಲ್ಲ. ಅದಕ್ಕೇ ಮರಿಯಯ್ಯ ಪೂಜೆಗೆ ಮುಂಚೆಯೇ ಕಂಠಮಟ್ಟ ಡೀಸಲ್ ತುಂಬಿಸಿಡುತ್ತಿದ್ದ.

ಪೂಜೆಯ ಮಾರನೆಯ ದಿನವೇ ಮೈಕಿನಲ್ಲಿ ಕೂಗಿಕೊಂಡು ಹೋದರು. ಮೇಲೆ ಮಳೆ ಜೋರಾಗಿದೆ, ಅಣೆಕಟ್ಟೆಯಿಂದ ನೀರು ಬಿಡುತ್ತಾರೆ, ಹೊಳೆಯಲ್ಲಿ ಪಂಪುಸೆಟ್ಟು ಇಟ್ಟವರು ಮಧ್ಯಾಹ್ನದೊಳಗೆ ಎತ್ತಿಕೊಳ್ಳಿ ಅಂತ. ಎಲ್ಲರೂ ಎತ್ತಿಕೊಂಡರು, ಚಿಕ್ಕಬೋರಮ್ಮನದು ಮಾತ್ರ ಉಳಿಯಿತು. ಗಂಡ ಸತ್ತ ಮೇಲೆ ಒಬ್ಬಳೇ ಬೇಸಾಯ ಮಾಡುವ ಹೆಂಗಸು. ಅವಳ ಮೋಟಾರು ಇದ್ದದ್ದು ಹೊಳೆ ನಡುವಿನ ಮರಳುದಿಬ್ಬದಲ್ಲಿ. ಟ್ರಾಕ್ಟರು ಆ ಮರಳಿಗೆ ಇಳಿದರೆ ಮುಗಿಯಿತು. ಅವಳು ಬಂದು ಅಂಗಳದಲ್ಲಿ ನಿಂತಾಗ ಮರಿಯಯ್ಯ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಬೇಡ ಅನ್ನುತ್ತಲೇ ಮಂಜುನಾಥನೂ ಹತ್ತಿದ.

ಹೋಗುವಾಗ ಲಾರಿ ಚೆನ್ನಾಗಿಯೇ ಹೋಯಿತು. ಮೋಟಾರನ್ನು ಹಗ್ಗ ಹಾಕಿ ಎತ್ತಿ ಹಿಂದೆ ಇಟ್ಟುಕೊಂಡು ತಿರುಗಿಸಿದರು. ದಿಬ್ಬ ಇಳಿಯುವ ಮುನ್ನವೇ ಇಂಜಿನ್ನು ಕೆಮ್ಮಿತು, ಎರಡು ಸಲ ಮುಕ್ಕರಿಸಿತು, ನಿಂತಿತು.

ಎಣ್ಣೆ ಏರುತ್ತಿಲ್ಲ ಎಂಬುದು ಮರಿಯಯ್ಯನಿಗೆ ಸದ್ದಿನಲ್ಲೇ ಗೊತ್ತಾಯಿತು. ಬಾನೆಟ್ಟೆತ್ತಿ ಫಿಲ್ಟರಿನ ತಿರುಪು ಸಡಿಲಿಸಿ ಕೈಪಂಪು ಒತ್ತಿದ. ಡೀಸಲ್ ಚಿಮ್ಮಬೇಕಿತ್ತು, ಬೆವರಿನಂತೆ ಜಿನುಗಿತು. ಕಸ ಕಟ್ಟಿರಬೇಕು ಅಂದುಕೊಂಡು ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ, ಬಾಯಿಟ್ಟು ಟ್ಯಾಂಕಿನ ಕಡೆಗೆ ಊದಿದ. ಒಳಗೆ ಗುಳುಗುಳು ಅಂದಿತು. ಮತ್ತೆ ಜೋಡಿಸಿ, ಪೈಪಿನೊಳಗೆ ಸೇರಿದ ಗಾಳಿಯನ್ನು ಕೈಪಂಪು ಒತ್ತಿ ಹೊರಹಾಕಿ, ಚಾಲೂ ಮಾಡಿದರೆ ಇಂಜಿನ್ನು ಹಿಡಿಯಿತು. ಕಸವೇ ಕಣ್ಲಾ ಅಂತ ಮಗನ ಮುಂದೆ ಜಂಬವನ್ನೂ ಕೊಚ್ಚಿದ.

ಆ ಜಂಬ, ದಿಬ್ಬಕ್ಕೂ ದಡಕ್ಕೂ ನಡುವೆ ಕಾಲುವೆಯಂತೆ ಹರಿಯುವ ಹೊಳೆಯ ಕವಲಿನ ನಟ್ಟನಡುವೆ ಮುಗಿಯಿತು. ಲಾರಿ ಮತ್ತೆ ನಿಂತಿತು. ದಡ ಕಣ್ಣೆದುರೇ ಇದೆ, ಚಿಕ್ಕಬೋರಮ್ಮ ಕೈಬೀಸುತ್ತಿರುವುದು ಕಾಣುತ್ತಿದೆ. ನೀರು ಮೊಣಕಾಲಿಗಿತ್ತು. ಬಣ್ಣ ಮಾತ್ರ ಬದಲಾಗಿತ್ತು. ಬೆಳಿಗ್ಗೆ ತಿಳಿಯಾಗಿದ್ದದ್ದು ಈಗ ಕೆಂಪಗೆ, ಕಸಕಡ್ಡಿ ತೇಲಿಸಿಕೊಂಡು ಬರುತ್ತಿತ್ತು. ಅದರ ಅರ್ಥ ಹೊಳೆದಂಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮರಿಯಯ್ಯ ಮತ್ತೆ ಪೈಪು ಬಿಚ್ಚಿ ಊದಿದ, ಗಾಳಿ ತೆಗೆದ, ಚಾಲೂ ಮಾಡಿದ. ನಾಲ್ಕು ಮಾರು ಹೋಗಿ ನಿಂತಿತು. ಬ್ಯಾಟರಿಯ ಸದ್ದು ಆಗಲೇ ಸೋತಿತ್ತು. ಇನ್ನೊಂದು ಸಲ ತಿರುಗಿಸುವಷ್ಟು ಜೀವ ಇದ್ದರೆ ಹೆಚ್ಚು.

ಮಂಜುನಾಥ ಟ್ಯಾಂಕಿನ ಹತ್ತಿರ ಬಂದು, ಎಣ್ಣೆಯೇ ಇದೆಯೋ ಇಲ್ಲವೋ ನೋಡೋಣ ಅಂತ ಮುಚ್ಚಳಕ್ಕೆ ಕೈಹಾಕಿದ. ಅಪ್ಪ ಆ ಕೈಗೆ ಬಡಿದ.

"ಅದ್ರ ತಂಟೆಗೋಗ್ಬ್ಯಾಡ. ನಿಮ್ಮವ್ವ ಕಟ್ಟವ್ಳೆ."

"ಸೋಮ್ವಾರ ಗುಜ್ರಿಗೋಗೋ ಗಾಡಿ ಕಣಪ್ಪ ಇದು. ಬುಟ್ಟು ಬಾ, ನೀರು ಏರ್ತಾ ಐತೆ."

"ಗುಜ್ರಿಗೋಗೋದೇ ಆದ್ರೂ ಅದ್ರ ಕಾಲ್ಮೇಲೆ ಅದು ಓಗ್ಲಿ ಕಣ್ಲಾ. ಒಳೆ ಪಾಲು ಮಾಡಿ ಬರಕಿಲ್ಲ ನಾನು."

ಮಂಜುನಾಥ ಅಪ್ಪನ ರಟ್ಟೆ ಹಿಡಿದು ಎಳೆದ. ಮರಿಯಯ್ಯ ಕೊಸರಿಕೊಂಡ. ನೀರು ತೊಡೆಗೆ ಬಂದಿತ್ತು, ಗಾಲಿಯ ಕೆಳಗಿನ ಮರಳು ಕೊರೆದುಹೋಗಿ ಲಾರಿ ಒಂದು ಕಡೆಗೆ ವಾಲುತ್ತಿತ್ತು. ಅವನಿಗೆ ಹೆದರಿಕೆಯಾಗಿತ್ತು, ನಿಜವಾಗಿಯೂ ಆಗಿತ್ತು. ಆದರೆ ಇಷ್ಟು ವರ್ಷ ಯಾರ್‍ಯಾರದೋ ಗಾಡಿಗಳನ್ನು ಕೆಸರಿನಿಂದ ಎಳೆದು ದಡ ಹತ್ತಿಸಿದ ಲಾರಿಯನ್ನು, ಅದು ಸಿಕ್ಕಿಕೊಂಡ ದಿನ ಬಿಟ್ಟು ಓಡುವುದು ಹೇಗೆ?

ಟ್ಯಾಂಕಿಗೆ ಒರಗಿ ನಿಂತು ಯೋಚಿಸಿದ. ಟ್ಯಾಂಕು ತುಂಬಿದೆ. ಪೈಪಿನಲ್ಲಿ ಕಸವಿಲ್ಲ, ಊದಿದ ಉಸಿರು ಸಲೀಸಾಗಿ ಹೋಗುತ್ತಿದೆ. ಊದಿದಾಗಲೆಲ್ಲ ಒಂದಿಷ್ಟು ಓಡುತ್ತದೆ, ಆಮೇಲೆ ಸಾಯುತ್ತದೆ. ಹಾಗಾದರೆ ಟ್ಯಾಂಕಿಗೆ ಬೇಕಾಗಿರುವುದು ತಾನು ಊದುವ ಗಾಳಿಯೇ ಏನು? ಅಡುಗೆಮನೆಯಲ್ಲಿ ದ್ಯಾವಮ್ಮ ಎಣ್ಣೆಡಬ್ಬ ಒಡೆಯುವುದು ಕಣ್ಣ ಮುಂದೆ ಬಂತು. ಡಬ್ಬಕ್ಕೆ ಅವಳು ಯಾವಾಗಲೂ ಎರಡು ತೂತು ಹೊಡೆಯುತ್ತಾಳೆ. ಒಂದರಿಂದ ಎಣ್ಣೆ ಇಳಿಯಬೇಕಾದರೆ ಇನ್ನೊಂದರಿಂದ ಗಾಳಿ ಹೋಗಬೇಕು.

ಈ ಟ್ಯಾಂಕಿನ ಆ ಇನ್ನೊಂದು ತೂತು ಇರುವುದು ಮುಚ್ಚಳದ ನೆತ್ತಿಯಲ್ಲಿ. ಅಲ್ಲಿ ನೋಡಿದರೆ ತೂತಿಲ್ಲ. ಅರಿಸಿನ, ಅದರ ಮೇಲೆ ಕುಂಕುಮ, ಮತ್ತೆ ಅರಿಸಿನ. ಎಂದಿನಂತೆ ತೆಳ್ಳಗೆ ಬಳಿದದ್ದಲ್ಲ, ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿ ಒಣಗಿ ಕಲ್ಲಾಗಿತ್ತು.

ಮರಿಯಯ್ಯ ಒಂದು ಗಳಿಗೆ ಕೈಮುಗಿದ. ಆಮೇಲೆ ದಾರ ಹರಿದು ಮುಚ್ಚಳ ತಿರುಗಿಸಿದ. ಟ್ಯಾಂಕು ಸುಯ್ಯೆಂದು ಉದ್ದಕ್ಕೆ ಉಸಿರೆಳೆದುಕೊಂಡಿತು. ಆ ಸದ್ದು ಕೇಳಿದ ಮಂಜುನಾಥ ಎಳೆಯುವುದನ್ನು ಬಿಟ್ಟ. ಚೂರು ತಂತಿಯಿಂದ ತೂತಿನೊಳಗಿನ ಅರಿಸಿನ ಕೆರೆದು ತೆಗೆದು ಮುಚ್ಚಳ ಹಾಕಿದರು. ಮಗ ಕೈಪಂಪು ಒತ್ತಿದ, ಅಪ್ಪ ತಿರುಪು ಹಿಡಿದ. ಈ ಸಲ ಡೀಸಲ್ ಧಾರೆಯಾಗಿ ಬಂದು ಮಂಜುನಾಥನ ಅಂಗಿಯನ್ನೆಲ್ಲ ತೋಯಿಸಿತು, ಅವನು ಬೈಯಲೂ ಇಲ್ಲ.

ಬ್ಯಾಟರಿ ಒಂದು ಸುತ್ತು ತಿರುಗಿಸಿತು. ಇನ್ನೊಂದು ಸುತ್ತಿಗೆ ನರಳಿತು. ಮೂರನೆಯದಕ್ಕೆ ನಿಂತೇಹೋಯಿತು ಅನ್ನುವಷ್ಟರಲ್ಲಿ ಇಂಜಿನ್ನು ಹಿಡಿಯಿತು. ಎಲ್ಲ ಗಾಲಿಗಳೂ ಮರಳು ಕಚ್ಚಿದವು. ಲಾರಿ ಕೆನ್ನೀರನ್ನು ಸೀಳಿಕೊಂಡು, ವಾಲಾಡುತ್ತ ದಡ ಹತ್ತಿತು.

ದಡದಲ್ಲಿ ದ್ಯಾವಮ್ಮನೂ ಬಂದು ನಿಂತಿದ್ದಳು. ಅವಳನ್ನು ಕಂಡಕೂಡಲೇ ಮರಿಯಯ್ಯನಿಗೆ ಸಿಟ್ಟು ಉಕ್ಕಿಬಂತು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದಿದ್ದ. ಅವಳು ಗಂಡನನ್ನು ಮಾತಾಡಿಸಲಿಲ್ಲ, ಮಗನನ್ನೂ ಮಾತಾಡಿಸಲಿಲ್ಲ. ನೇರ ಟ್ಯಾಂಕಿನ ಹತ್ತಿರ ಹೋಗಿ ಬೋಳು ಮುಚ್ಚಳ ನೋಡಿ, ದಾರ ಎಲ್ಲಿ ಅಂದಳು.

ಉಸಿರು ಕಟ್ಟಿತ್ತು, ಅದಕ್ಕೇ ಹರಿದೆ ಅಂದ ಮರಿಯಯ್ಯ. ನಡೆದದ್ದನ್ನು ಒರಟಾಗಿಯೇ ಹೇಳಿದ. ಈ ಸಲ ಅಷ್ಟೊಂದು ಯಾಕೆ ಮೆತ್ತಿದೆ ಅಂತ ಕೇಳಿದ.

ದ್ಯಾವಮ್ಮ ಸೆರಗಿನಿಂದ ಮುಚ್ಚಳದ ಮೇಲಿನ ನೀರು ಒರೆಸುತ್ತಿದ್ದಳು.

"ಇದೇ ಕಡೇ ಪೂಜೆ ಅಲ್ವಾ ಅಂತ ಒಸಿ ಎಚ್ಚಾಗೇ ಆಕ್ದೆ. ಕೈ ಬರ್ನಿಲ್ಲ ನಿಲ್ಸಕೆ."

ಜೋಡಿಸಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಮರಿಯಯ್ಯ ಮರೆತ. ಇಷ್ಟು ವರ್ಷ ಸವತಿ ಸವತಿ ಅಂದವಳ ಮುಖವನ್ನು ಹೊಸದಾಗಿ ಕಂಡವನಂತೆ ನೋಡುತ್ತ ನಿಂತ. ಇಂಜಿನ್ನು ಇನ್ನೂ ಓಡುತ್ತಲೇ ಇತ್ತು, ನಿಲ್ಲಿಸಲು ಯಾರಿಗೂ ಮನಸ್ಸು ಬರಲಿಲ್ಲ.

ಮಂಜುನಾಥ ಡೀಸಲ್ ಅಂಗಿಯ ಜೇಬಿನಿಂದ ಫೋನು ತೆಗೆದು, ಒರೆಸಿ, ಬೆಳ್ಳೂರು ಕ್ರಾಸಿನ ಗುಜರಿಯವನಿಗೆ ಸೋಮವಾರ ಬರಬೇಡ ಅಂತ ಹೇಳಲು ಅತ್ತ ಸರಿದು ನಿಂತ.