ದುರುಗವ್ವನ ಹಸಿರು ಸೀರೆ

ಮೊಮ್ಮಗಳು ಸುಜಾತಾ ನಿನ್ನೆ ರಾಯಚೂರಿನಿಂದ ಬರುವಾಗ ತನ್ನ ಕರಿ ಕೋಟು ತಂದಿದ್ದಾಳೆ. ಗೋಡೆಯ ಗೂಟಕ್ಕೆ ತೂಗುಹಾಕಿದ್ದೆ. ಬೆಳಿಗ್ಗೆಯಿಂದ ನಾಲ್ಕು ಸಲ ಹೋಗಿ ಮುಟ್ಟಿ ಬಂದಿದ್ದೇನೆ. ಹೊಸ ಬಟ್ಟೆಯ ಗಂಜಿ ವಾಸನೆ ಇನ್ನೂ ಹೋಗಿಲ್ಲ. ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ಕರಿಯದು ಅಂತ ಇದ್ದದ್ದು ಒಂದು ಕಂಬಳಿ, ಒಂದು ಆಡು. ಈಗ ವಕೀಲರ ಕೋಟು. ಕೂಸು ನೋಡಲು ಬರುವಂತೆ ಓಣಿಯ ಹೆಂಗಸರೆಲ್ಲ ಬಂದು ನೋಡಿದರು, ನಾನು ಒಬ್ಬೊಬ್ಬರ ಕೈಗೂ ಸಕ್ಕರೆ ಹಾಕಿದೆ. ಡಬ್ಬಿ ತಳ ಕಂಡಿತು. ಕಾಣಲಿ.

ಅಂಗಡಿಯವರು ಗುಂಡಿ ಹಚ್ಚುವುದು ನಿಮಗೂ ಗೊತ್ತು, ಎರಡು ಎಳೆ ದಾರ, ಮುಗಿಯಿತು. ಸುಜಾತಾ ಬೇಡ ಬೇಡ ಎಂದರೂ ಕೇಳದೆ, ಗಟ್ಟಿ ಮಾಡಿ ಕೊಡುತ್ತೇನೆಂದು ಕೋಟು ಇಳಿಸಿಕೊಂಡು, ಸೂಜಿ ಹಿಡಿದು ಅಂಗಳದ ಬಿಸಿಲಿಗೆ ಕೂತೆ. ದಾರದ ತುದಿಯನ್ನು ನಾಲಿಗೆಗೆ ಹಚ್ಚಿ ಚೂಪು ಮಾಡಿದೆ. ದಾರ ಸೂಜಿಯ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಒಳಗೆ ಮಾತ್ರ ಹೋಗಲಿಲ್ಲ. ಇದೇ ಸೂಜಿ-ದಾರ ಒಂದು ಕಾಲಕ್ಕೆ ನನ್ನನ್ನು ತುಂಬಿದ ಕೋರ್ಟಿನಲ್ಲಿ ಮೆರೆಸಿತ್ತು. ಆ ಮೆರೆದ ಕಥೆ ಹೇಳದೆ ಈ ಕೋಟಿನ ಸಂತೋಷ ಹೇಳಲು ನನಗೆ ಬಾಯಿ ಬರುವುದಿಲ್ಲ. ಕೂತುಕೊಳ್ಳಿ, ಅವಸರ ಇಲ್ಲದಿದ್ದರೆ ಕೇಳಿ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳ ಬರಹ ಇದು. ಕಾಗುಣಿತ ತಿದ್ದಿದವಳು ಸುಜಾತಾ, ಉಳಿದ ತಪ್ಪುಗಳೆಲ್ಲ ನನ್ನವು.

ನಮ್ಮೂರು ದೇವದುರ್ಗದಿಂದ ಬಸ್ಸಿಗೆ ಅರ್ಧ ಗಂಟೆ. ಹೊಲದ ಕೂಲಿ ಬಿಟ್ಟರೆ ನನ್ನ ಕಸುಬು ಕೌದಿ ಹೊಲಿಯುವುದು. ಹಳೆ ಸೀರೆ, ಹಳೆ ಧೋತರ ಪದರು ಪದರಾಗಿ ಹಾಸಿ, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಒಂದು ಮನೆಯ ಹಳೆಬಟ್ಟೆ ಒಂದು ಕೌದಿಗೆ ಎಂದೂ ಸಾಲುವುದಿಲ್ಲ. ಹಾಗಾಗಿ ಓಣಿಯವರು ಒಬ್ಬರಿಗೊಬ್ಬರು ತುಂಡು ಕೊಡುತ್ತಾರೆ. ಸತ್ತವರ ಸೀರೆಯೂ ಬರುತ್ತದೆ, ಬಾಣಂತಿಯ ಸೀರೆಯೂ ಬರುತ್ತದೆ. ಕೌದಿ ಯಾರದೇ ಇರಲಿ, ಒಳಗಿನ ತುಂಡನ್ನು ನಾವು ನೆನಪಿಡುವುದು ಉಟ್ಟವರ ಹೆಸರಿನಿಂದ. ಇದು ನಾಗಮ್ಮನ ಮದುವೆ ಸೀರೆ, ಇದು ಖಾಜಾಬಿಯ ಓಢಣಿ. ಹೊದ್ದು ಮಲಗಿದವರ ಹೆಸರು ಅದಕ್ಕೆ ಹತ್ತುವುದೇ ಇಲ್ಲ.

ದುರುಗವ್ವ ನನ್ನ ಗೆಳತಿ. ಅವಳಿಗೊಂದು ಹಸಿರು ಇಳಕಲ್ ಸೀರೆಯಿತ್ತು. ಒಮ್ಮೆ ಹತ್ತಿ ಬಿಡಿಸಿ ಬರುವಾಗ ಜಾಲಿಮುಳ್ಳಿಗೆ ಸಿಕ್ಕಿ ಮೊಳದುದ್ದ ಹರಿಯಿತು. ಹೊಲಿದು ಕೊಡಲು ನನ್ನ ಹತ್ತಿರ ಹಸಿರು ದಾರ ಮುಗಿದಿತ್ತು, ನೀಲಿಯಲ್ಲಿ ಹೊಲಿದೆ. ಅವಳು ಅದನ್ನು ನೋಡಿ, ‘ಇದೇನಬೇ, ನನ್ನ ಸೀರಿ ಮ್ಯಾಲ ಕೃಷ್ಣಾ ಹೊಳಿ ಹರಿಸೀದಿ’ ಎಂದು ಓಣಿ ತುಂಬ ತೋರಿಸುತ್ತ ತಿರುಗಿದಳು. ಸೀರೆ ಜೀರ್ಣವಾದಾಗ ನಾನೇ ಕತ್ತರಿಸಿದೆ. ಐದು ಮನೆಯ ಕೌದಿಗೆ ಹೋಯಿತು. ನೀಲಿ ಹೊಳೆಯೂ ಮೂರು ತುಂಡಾಗಿ ಮೂರು ಮನೆ ಸೇರಿತು: ದುರುಗವ್ವನದು, ನನ್ನದು, ನಮ್ಮ ಓಣಿಯ ಹುಲಿಗೆಮ್ಮನದು.

ದುರುಗವ್ವ ತೀರಿಕೊಂಡಾಗ ಅವಳ ಕೌದಿಯನ್ನು ಅವಳ ಮೇಲೆ ಹೊದಿಸಿ ಮಣ್ಣಿಗೆ ಕಳಿಸಿದೆವು. ಹೊದಿಸಿದವಳು ನಾನು.

ಅದಾದ ಮರುವರ್ಷ ಊರ ಹೊರಗಿನ ಹತ್ತಿ ಗೋದಾಮಿಗೆ ಬೆಳಗಿನ ಜಾವ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಕಾವಲುಗಾರ ತಿಮ್ಮಪ್ಪ ಸುಟ್ಟುಹೋದ. ಹುಲಿಗೆಮ್ಮನ ಗಂಡ ಅವನು. ಬಾಗಿಲ ಬಳಿ ಅಂಗೈಯಷ್ಟು ಬಟ್ಟೆ, ಅರ್ಧ ಸುಟ್ಟದ್ದು, ಸೀಮೆಎಣ್ಣೆ ವಾಸನೆಯದು ಸಿಕ್ಕಿತು. ಹಸಿರು ಬಟ್ಟೆ, ನೀಲಿ ಹೊಲಿಗೆ. ತನಿಖೆಗೆ ಬಂದ ಸಾಹೇಬರು ಕೌದಿ ಹೊಲಿಯುವವರು ಯಾರೆಂದು ವಿಚಾರಿಸಿ ನನ್ನ ಹತ್ತಿರ ಬಂದರು. ಯಾರದು ಇದು ಎಂದು ಕೇಳಿದರು. ನೋಡಿದ ಕೂಡಲೇ ದುರುಗವ್ವನದು ಎಂದೆ. ನನ್ನ ನೆನಪಿಗೆ ನನಗೇ ಹೆಮ್ಮೆ. ಕಾಗದದ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಸಹಿಯನ್ನೂ ಮಾಡಿದೆ.

ದುರುಗವ್ವನ ಮಗ ಹನುಮಂತ. ಗೋದಾಮಿನ ಮಾಲೀಕನ ಜೊತೆ ಹೊಲದ ದಾರಿಗಾಗಿ ಅವನಿಗೆ ಜಗಳವಿತ್ತು, ಊರಿಗೆಲ್ಲ ಗೊತ್ತಿತ್ತು. ಅವನನ್ನು ಹಿಡಿದರು.

ರಾಯಚೂರಿನ ಕೋರ್ಟಿಗೆ ನನ್ನನ್ನು ಸಾಕ್ಷಿಗೆ ಕರೆಸಿದರು. ಹೊಸ ಸೀರೆ ಉಟ್ಟು ಹೋಗಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಹೊಲಿಗೆ ನಿನ್ನದೇ ಏನು ಎಂದರು, ಹೌದೆಂದೆ. ಸೀರೆ ಯಾರದು ಎಂದರು, ದುರುಗವ್ವನದೆಂದೆ. ಹನುಮಂತನ ವಕೀಲರು ಎದ್ದು ಒಂದೇ ಪ್ರಶ್ನೆ ಕೇಳಿದರು: ‘ಈ ವಯಸ್ಸಿನಾಗ ಕಣ್ಣು ಕಾಣ್ತಾವೇನಬೇ ನಿನಗ?’ ನನಗೆ ಸಿಟ್ಟು ಬಂತು. ಸೆರಗಿನ ಗಂಟು ಬಿಚ್ಚಿ ಸೂಜಿ-ದಾರ ತೆಗೆದು, ಎಲ್ಲರ ಎದುರಿಗೆ ಒಂದೇ ಸಲಕ್ಕೆ ಪೋಣಿಸಿ ತೋರಿಸಿದೆ. ಕೋರ್ಟು ನಕ್ಕಿತು. ಜಡ್ಜ್ ಸಾಹೇಬರ ತುಟಿಯೂ ಅಲುಗಿತು. ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತವರಿಗೆಲ್ಲ ಇದನ್ನೇ ಹೇಳುತ್ತ ಬಂದೆ. ಎಷ್ಟು ಮನೆಗೆ ಆ ಸೀರೆ ಹೋಗಿದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳದ್ದನ್ನು ದೊಡ್ಡವರ ಮುಂದೆ ಹೇಳಬಾರದೆಂದು ನನ್ನ ಅವ್ವ ಕಲಿಸಿದ್ದಳು.

ಹನುಮಂತನಿಗೆ ಜೀವಾವಧಿಯಾಯಿತು. ಅವನ ಹೆಂಡತಿ ಮಾನ್ವಿ ಕಡೆಯ ಬಾಗಲವಾಡದವಳು, ತವರಿಗೆ ಹೋದಳು. ದೊಡ್ಡ ಕೋರ್ಟಿಗೆ ಅರ್ಜಿ ಹಾಕಿಸಿದ್ದಾಳೆಂದು ಕೇಳುತ್ತಿದ್ದೆವು.

ಆಮೇಲೆ ಏಳು ವರ್ಷ ದೇವದುರ್ಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಮಾನ್ವಿಯ ಸಂತೆಯಲ್ಲಿ ಜನ ಎರಡು ಪಾಲಾಗಿ ವಾದ ಮಾಡಿದರು. ಜಗಳ ಆಡಿದವನೆಲ್ಲ ಬೆಂಕಿ ಇಡುತ್ತಾನೇನು ಎಂದು ಕೆಲವರು. ಮನುಷ್ಯ ಸುಳ್ಳು ಹೇಳಬಹುದು, ಬಟ್ಟೆ ಹೇಳುತ್ತದೆಯೇ ಎಂದು ಉಳಿದವರು. ಬಟ್ಟೆಯ ಮಾತು ಬಂದಾಗಲೆಲ್ಲ ನಾನು ಸ್ವಲ್ಪ ನೆಟ್ಟಗೆ ಕೂರುತ್ತಿದ್ದೆ, ಅದು ನನ್ನ ಮಾತಲ್ಲವೇ.

ಅಷ್ಟರಲ್ಲಿ ಸುಜಾತಾ ರಾಯಚೂರಿನಲ್ಲಿ ಕಾನೂನು ಓದಲು ಸೇರಿದಳು. ಕೊನೆಯ ವರ್ಷ ಅವಳ ಕಾಲೇಜಿನವರು ಈ ತೀರ್ಪಿನ ಮೇಲೆ ಊರವರೆಲ್ಲ ಬಂದು ಮಾತಾಡಬಹುದಾದ ಒಂದು ಚರ್ಚೆ ಇಟ್ಟರು. ಶಿಕ್ಷೆಗೆ ಈ ಸಾಕ್ಷಿ ಸಾಕೋ ಸಾಲದೋ ಎಂಬುದೇ ವಿಷಯ. ರಜೆಗೆ ಬಂದವಳು ತೀರ್ಪಿನ ಪ್ರತಿ ತಂದು ನನಗೆ ಓದಿ ಹೇಳಿದಳು. ಆರೋಪಿಯ ಮನೆಯಲ್ಲಿ ಆ ಕೌದಿ ಈಗ ಇಲ್ಲ. ತಾಯಿಯ ಜೊತೆ ಹೂತೆವೆಂಬ ಅವನ ಮಾತಿಗೆ ಸಾಕ್ಷಿ ಇಲ್ಲ. ಆದ್ದರಿಂದ ಕೃತ್ಯಕ್ಕೆ ಅದನ್ನೇ ಹರಿದು ಬಳಸಿದ್ದಾನೆ. ಆ ಬಟ್ಟೆ ಅವನ ಮನೆಯದೆಂದು ಕೌದಿ ಹೊಲಿದ ವೃದ್ಧೆಯೇ ಗುರುತಿಸಿದ್ದಾಳೆ, ಆಕೆಯ ದೃಷ್ಟಿ ಚೆನ್ನಾಗಿದೆ.

ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆ. ಇನ್ನೊಮ್ಮೆ ಓದೆಂದೆ. ಓದಿದಳು. ಹೂತದ್ದಕ್ಕೆ ಸಾಕ್ಷಿ ಇಲ್ಲವೆಂದರೆ ನಾನು ಯಾರು?

‘ಯಮ್ಮಾ, ಏನಾತು?’ ಎಂದಳು. ನಮ್ಮ ಮನೆಯಲ್ಲಿ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ.

ಬೆರಳು ಮಡಚಿ ಐದು ಮನೆ ಎಣಿಸಿದೆ: ದುರುಗವ್ವ, ನಾನು, ಖಾಜಾಬಿ, ನಾಗಮ್ಮ. ಐದನೆಯ ಬೆರಳು ಹುಲಿಗೆಮ್ಮನದು. ಅವಳ ಮನೆಯ ಕೌದಿಯನ್ನು ತಿಮ್ಮಪ್ಪ ಗೋದಾಮಿಗೇ ಒಯ್ಯುತ್ತಿದ್ದ. ಬಾಗಿಲ ಬಳಿ ಹಾಸಿಕೊಂಡು, ಲಾಟೀನು ಪಕ್ಕಕ್ಕಿಟ್ಟು ಮಲಗುತ್ತಿದ್ದ. ಬೀಡಿ ಬಿಡು ಅಂತ ನಾನೇ ಎಷ್ಟೋ ಸಲ ಬೈದಿದ್ದೆ.

ಹುಲಿಗೆಮ್ಮನ ಮನೆಗೆ ಹೋಗಲು ನಾಲ್ಕು ದಿನ ಹಿಡಿಯಿತು. ಅವಳ ಮನೆ ನನ್ನ ಮನೆಯಿಂದ ಹತ್ತು ಹೆಜ್ಜೆ. ಹೋಗಿ ಕೂತು ಜೋಳದ ಮಾತು, ಸೊಸೆಯ ಮಾತು ಎಲ್ಲ ಆಡಿದೆ. ಕೊನೆಗೆ ಅವಳೇ, ಬಂದ ಮಾತು ಹೇಳು ಎಂದಳು. ಹೇಳಿದೆ. ಬಾಗಿಲ ಬಳಿ ಸಿಕ್ಕ ತುಂಡು ನಿನ್ನ ಕೌದಿಯದೇ ಇರಬಹುದೆಂದೆ.

‘ಹಂಗಾರ ನನ್ನ ಗಂಡನ್ನ ಕೊಂದಾಂವ ಯಾರೂ ಇಲ್ಲಂತೀಯಾ? ತನ್ನ ಬೀಡಿಗೆ ತಾನ ಸತ್ತ ಅಂತ ಮಂದಿ ಅನ್ಬೇಕಾ?’

ನನಗೆ ಗೊತ್ತಿಲ್ಲವೆಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಬೆಂಕಿ ಬಿದ್ದಾಗ ನಾನು ಮಲಗಿದ್ದೆ. ಹನುಮಂತ ಇಟ್ಟಿಲ್ಲವೆಂದು ಆಣೆ ಮಾಡಲು ನನಗೆ ಬರುವುದಿಲ್ಲ. ನನಗೆ ಗೊತ್ತಿರುವುದು ಬಟ್ಟೆ ಒಂದೇ, ಆ ಬಟ್ಟೆಯಷ್ಟನ್ನು ಪೂರ್ತಿ ಹೇಳಬೇಕು. ಅಷ್ಟನ್ನೇ ಅವಳಿಗೆ ಹೇಳಿದೆ. ನಾನು ಎದ್ದು ಬಂದೆ.

ಮಾತು ಊರಿಗೆ ಹಬ್ಬಿತು. ಕೊಟ್ಟ ಸಾಕ್ಷಿ ತಿರುಗಿಸಿದರೆ ನಿನ್ನನ್ನೇ ಒಳಗೆ ಹಾಕುತ್ತಾರೆ ಎಂದು ಹೆದರಿಸಿದವರಿದ್ದರು. ಮೊಮ್ಮಗಳ ಹೆಸರು ಮೇಲೆ ಬರಲೆಂದು ಮುದುಕಿ ನಾಟಕ ಹೂಡಿದ್ದಾಳೆ ಎಂದವರೂ ಇದ್ದರು. ಖಾಜಾಬಿ ಮಾತ್ರ ತನ್ನ ಕೌದಿ ಮಡಚಿ ತಂದು ನನ್ನ ಹೊಸ್ತಿಲಲ್ಲಿಟ್ಟು, ತೊಳೆದಿದ್ದೇನೆ, ಜನರೆದುರು ಹಾಸುವಾಗ ನನ್ನ ಮರ್ಯಾದೆ ಇರಲಿ ಎಂದು ಹೋದಳು. ನಾಗಮ್ಮ ತನ್ನದನ್ನು ತೊಳೆಯದೆಯೇ ಕೊಟ್ಟಳು.

ಚರ್ಚೆಯ ದಿನ ಮುಂಜಾನೆಯ ಬಸ್ಸಿಗೆ ಗಂಟು ಹೊತ್ತು ನಿಂತಿದ್ದೆ. ನನ್ನದೂ ಸೇರಿ ಮೂರು ಕೌದಿ. ಬಸ್ಸು ಬಂತು. ಹತ್ತುವಾಗ ಹಿಂದಿನಿಂದ ಯಾರೋ ಗಂಟಿಗೆ ಕೈ ಕೊಟ್ಟರು. ತಿರುಗಿ ನೋಡಿದರೆ ಹುಲಿಗೆಮ್ಮ. ಕಣ್ಣು ಬಾತಿದ್ದವು.

‘ಸತ್ತಾಂವ ಹೆಂಗೂ ಸತ್ತಾನ’ ಎಂದಳು. ‘ಇದ್ದಾಂವ ಯಾಕ ಒಳಗ ಸಾಯ್ಬೇಕು. ನಡಿ, ನಾನೂ ಹೇಳ್ತೀನಿ.’

ರಾಯಚೂರಿನವರೆಗೆ ಗಂಟನ್ನು ಇಬ್ಬರ ತೊಡೆಯ ಮೇಲೂ ಇಟ್ಟುಕೊಂಡು ಹೋದೆವು.

ಸಭೆಯಲ್ಲಿ ಓದಿದವರು ಬಹಳ ಹೊತ್ತು ಮಾತಾಡಿದರು. ಒಬ್ಬ ಹಿರಿಯರು, ತೀರ್ಪಿನ ಬಗ್ಗೆ ಹೀಗೆ ಬೀದಿಯಲ್ಲಿ ವಾದ ಮಾಡಿದರೆ ಜನರಿಗೆ ಕೋರ್ಟಿನ ಮೇಲೆ ನಂಬಿಕೆ ಉಳಿಯುವುದಿಲ್ಲ ಎಂದರು. ಅದೂ ಸುಳ್ಳಲ್ಲ. ಸುಜಾತಾ ನನ್ನನ್ನು ಕರೆದಾಗ ನಾನು ಮೊದಲು ಕೌದಿಗಳನ್ನು ನೆಲಕ್ಕೆ ಹಾಸಿದೆ. ಮೂರರಲ್ಲೂ ಅದೇ ಹಸಿರು. ನನ್ನದರಲ್ಲಿ ನೀಲಿ ಹೊಲಿಗೆ. ಖಾಜಾಬಿಯದು ಎಲ್ಲಕ್ಕಿಂತ ಸ್ವಚ್ಛವಾಗಿತ್ತು. ಆ ಹಿರಿಯರು ಬಗ್ಗಿ ನೋಡಿ, ‘ಇಷ್ಟ ವರ್ಷ ಬಾಯಾಗ ಏನಿಟ್ಕೊಂಡಿದ್ದಿ ಯವ್ವಾ? ಈಗ ಹೇಳಿಕಿ ಬದಲ ಮಾಡ್ತಿಯೇನು?’ ಎಂದರು.

‘ಬದಲ ಮಾಡೂದಿಲ್ರಿ’ ಎಂದೆ. ‘ಅವತ್ತು ಹೇಳಿದ್ದೂ ಖರೇನ. ಉಳಿದರ್ಧ ಹೇಳಾಕ ಬಂದೀನಿ.’

ಸೀರೆ ಐದು ಮನೆಗೆ ಹೋದದ್ದನ್ನೂ, ನಾಲ್ಕನೆಯ ಕೌದಿಯನ್ನು ದುರುಗವ್ವನ ಮೇಲೆ ಹೊದಿಸಿದವಳು ನಾನೇ ಎಂಬುದನ್ನೂ ಹೇಳಿದೆ. ಆಮೇಲೆ ಹುಲಿಗೆಮ್ಮ ಎದ್ದಳು. ಅವಳ ಹತ್ತಿರ ಹಾಸಲು ಕೌದಿ ಇರಲಿಲ್ಲ. ಐದನೆಯ ಕೌದಿ ತನ್ನ ಮನೆಯಲ್ಲಿತ್ತು, ಅದನ್ನು ತನ್ನ ಗಂಡ ಗೋದಾಮಿಗೆ ಒಯ್ದಿದ್ದ, ಅದು ತಿರುಗಿ ಬರಲಿಲ್ಲ ಎಂದಳು. ಅಷ್ಟೇ ಹೇಳಿ ಕೂತಳು. ಆ ಹಿರಿಯರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಹನುಮಂತನ ಪರ ಈಗಿರುವ ವಕೀಲರು ಇದನ್ನೆಲ್ಲ ಬರೆದು ದೊಡ್ಡ ಕೋರ್ಟಿಗೆ ಕೊಟ್ಟರು. ಅಷ್ಟು ದಿನದಲ್ಲಿ ಸುಜಾತಾ ಪಾಸಾಗಿ, ಆ ವಕೀಲರ ಹತ್ತಿರವೇ ಕೆಲಸ ಕಲಿಯಲು ಸೇರಿಕೊಂಡಳು. ಮೊನ್ನೆ ದೊಡ್ಡ ಕೋರ್ಟಿನಿಂದ ಹುಕುಂ ಬಂದಿದೆ: ಆ ಇಬ್ಬರು ಹೆಂಗಸರನ್ನು ರಾಯಚೂರಿನಲ್ಲೇ ಕರೆಸಿ ಕೇಳಿ, ಬರೆದು ಕಳಿಸಿರಿ ಅಂತ. ಸೋಮವಾರ ತಾರೀಖು. ಅದೇ ಕೋರ್ಟು, ಅದೇ ಕಟಕಟೆ. ಏನು ತೀರ್ಮಾನವಾಗುತ್ತದೋ ಹೇಳಲಾಗದು, ಆಸೆ ಹಚ್ಚಬೇಡ ಎಂದು ಸುಜಾತಾ ಬಾಗಲವಾಡಕ್ಕೆ ಫೋನು ಮಾಡಿ ಹನುಮಂತನ ಹೆಂಡತಿಗೆ ಹೇಳಿದಳು. ಅವಳು ಆಗಲೇ ರೊಟ್ಟಿ ಕಟ್ಟಿಕೊಂಡು ಬರುತ್ತೇನೆ ಎಂದಿದ್ದಾಳೆ.

ಈಗ ಅಂಗಳದಲ್ಲಿ ಸುಜಾತಾ ನನ್ನ ಕೈಯಿಂದ ಸೂಜಿ ಕಸಿದುಕೊಂಡು ದಾರ ಪೋಣಿಸಿ ಕೊಟ್ಟಿದ್ದಾಳೆ. ಕೊಡುವಾಗ ವಕೀಲರ ಧ್ವನಿ ಮಾಡಿ ಕೇಳಿದಳು: ‘ಕಣ್ಣು ಕಾಣ್ತಾವೇನಬೇ ನಿನಗ?’

‘ಕಾಣೂದಿಲ್ರಿ ಸಾಹೇಬ್ರ’ ಎಂದೆ. ‘ಕಣ್ಣಿಂದು ಬಿಡ್ರಿ. ಆ ಸೀರಿ ಎಷ್ಟ ಮನಿಗೆ ಹೋಗ್ಯಾದ, ಅದನ್ನ ಕೇಳ್ರಿ.’

ಅವಳು ನಕ್ಕು, ಕೇಳದಿದ್ದರೆ ಎಂದಳು. ಕೇಳದಿದ್ದರೂ ಹೇಳುತ್ತೇನೆ ಎಂದೆ. ಅವ್ವ ಕಲಿಸಿದ್ದನ್ನು ಎಪ್ಪತ್ತು ದಾಟಿದ ಮೇಲೆ ಮೀರುವುದೂ ಒಂದು ಸುಖ.

ಐದು ಗುಂಡಿಯಲ್ಲಿ ಮೂರು ಆಗಿವೆ. ಕಣ್ಣಿಗೆ ಕಾಣದ್ದಕ್ಕೆ ಬೆರಳಿನಿಂದ ತಡವಿ ಹೊಲಿಯುತ್ತಿದ್ದೇನೆ, ಒಂದೊಂದಕ್ಕೆ ಎಂಟು ಎಳೆ. ಮನೆಯಲ್ಲಿ ಕರಿ ದಾರ ಮುಗಿದಿದೆ. ನಾಲ್ಕನೆಯದನ್ನು ನೀಲಿಯಲ್ಲೇ ಹಚ್ಚುತ್ತಿದ್ದೇನೆ.