ಬೀಗದಕ್ಕನ ಅಂಗಡಿ

ಬೀದಿಯವರೆಲ್ಲ ಅವಳನ್ನು ಬೀಗದಕ್ಕ ಎನ್ನುತ್ತಾರೆ. ಅಂಗಡಿಯೆಂದರೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ನಿಲ್ಲುವಷ್ಟು ಜಾಗ, ಕೀ ಕತ್ತರಿಸುವ ಒಂದು ಯಂತ್ರ, ಗೋಡೆ ತುಂಬ ಮೊಳೆಗೆ ತೂಗುಬಿಟ್ಟ ಹೊಸ ಕೀಗಳು. ಮೇಲೆ ಎರಡು ಕೋಣೆ, ಅಲ್ಲಿ ಅವಳು ಮತ್ತು ಅಪ್ಪ. ಹದಿನೇಳಕ್ಕೆ ಅಪ್ಪನ ಪಕ್ಕ ಕೀ ಉಜ್ಜುವ ಅರ ಹಿಡಿದು ಕೂತವಳಿಗೆ ಈಗ ನಲವತ್ತೇಳು. ಮದುವೆ ಎಂಬುದು ಎರಡು ಸಲ ಹೊಸ್ತಿಲವರೆಗೆ ಬಂದು, ಚಪ್ಪಲಿಯನ್ನೂ ಬಿಡದೆ ವಾಪಸು ಹೋಗಿತ್ತು. ಅದಕ್ಕೆ ಅವಳು ತಲೆಕೆಡಿಸಿಕೊಂಡವಳಲ್ಲ, ಕೈತುಂಬ ಕೆಲಸವಿತ್ತು.

ಆ ಕೆಲಸದಲ್ಲಿ ಅಪ್ಪ ಕಲಿಸಿದ ಮೊದಲ ಪಾಠ ಅರ ಹಿಡಿಯುವುದಲ್ಲ, ಮುಖ ತಿರುಗಿಸುವುದು. ಸತ್ತವರ ಕಪಾಟಿನ ಕೀ ಸಿಗದೆ ಮನೆಯವರು ಕರೆಕಳಿಸುತ್ತಾರೆ. ಹೋಗಿ ಬೀಗ ಬಿಡಿಸಬೇಕು, ಹಿಡಿಯಿಂದ ಕೈ ತೆಗೆಯಬೇಕು, ಬಾಗಿಲು ತೆರೆದುಕೊಳ್ಳುವ ಮೊದಲೇ ಗೋಡೆ ಕಡೆ ತಿರುಗಿ ನಿಲ್ಲಬೇಕು. ಒಳಗೇನಿದೆ ಎಂದು ಇಣುಕುವವರನ್ನು ಎರಡನೆಯ ಸಲ ಯಾರೂ ಕರೆಯುವುದಿಲ್ಲ. ಹೀಗೆ ಅವಳು ಊರಿನ ಅರ್ಧ ಮನೆಗಳ ಗೋಡೆಗಳನ್ನು ಬಲ್ಲಳು. ಬೆನ್ನ ಹಿಂದೆ ಅಣ್ಣತಮ್ಮಂದಿರು ಕಿತ್ತಾಡಿದ್ದು, ಒಂದು ಹೊಲಿಗೆ ಯಂತ್ರಕ್ಕಾಗಿ ಅಕ್ಕತಂಗಿಯರು ಮಾತು ಬಿಟ್ಟದ್ದು, ಎಲ್ಲವನ್ನೂ ಗೋಡೆ ನೋಡುತ್ತಲೇ ಕೇಳಿದ್ದಾಳೆ.

ಈ ಅಭ್ಯಾಸ ಮೈಗೆ ಎಷ್ಟು ಹತ್ತಿತ್ತೆಂದರೆ, ಅಪ್ಪನ ಮೇಜು ಒರೆಸುವಾಗಲೂ ಅಲ್ಲಿದ್ದ ಕಾಗದಗಳನ್ನು ಕಿಟಕಿ ನೋಡುತ್ತ ಸರಿಸುತ್ತಿದ್ದಳು. ಕಳೆದ ವರ್ಷ ಅಪ್ಪ ನಾಲ್ಕು ಹಾಳೆ ತಂದು ಯಂತ್ರದ ಪಕ್ಕ ಇಟ್ಟ. "ಓದಿ ನೋಡಿ ಸಹಿ ಹಾಕಮ್ಮ" ಎಂದು ಪೆನ್ನನ್ನೂ ಕೊಟ್ಟು ಮೇಲೆ ಹೋದ. ಅವಳು ಕೈಗೆ ಹತ್ತಿದ್ದ ಹಿತ್ತಾಳೆ ಪುಡಿ ಒರೆಸಿಕೊಂಡಳು, ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಕಡೆಯೆಲ್ಲ ಸಹಿ ಮಾಡಿದಳು, ಹಾಳೆಗಳನ್ನು ಮಗುಚಿ ಇಟ್ಟು ಕೆಲಸ ಮುಂದುವರಿಸಿದಳು. ಅಪ್ಪನ ಕಾಗದ, ಅಪ್ಪನ ವಿಷಯ.

ಈ ವರ್ಷ ಅಪ್ಪನಿಗೆ ಎಂಬತ್ತು ತುಂಬಿತು. ಒಂದು ಭಾನುವಾರ ಬೆಳಿಗ್ಗೆ ಅವನು, ಬೇರೆ ಮನೆ ಮಾಡಿದ್ದ ಅಣ್ಣ ಅತ್ತಿಗೆ ಇಬ್ಬರನ್ನೂ ಕರೆಸಿದ. ಅಣ್ಣ ಬಸ್ ಡಿಪೋದಲ್ಲಿ ಮೇಲ್ವಿಚಾರಕ, ನಾಲ್ಕು ಜನರಿಗೆ ಬುದ್ಧಿ ಹೇಳುವುದರಲ್ಲಿ ಎತ್ತಿದ ಕೈ, ಅಪ್ಪನ ಮುಂದೆ ಮಾತ್ರ ಮೆತ್ತಗೆ.

"ಮುಚ್ಚುಮರೆ ಬೇಡ, ಬಾಯಿಬಿಟ್ಟು ಮಾತಾಡೋಣ" ಎಂದ ಅಪ್ಪ. "ನಾಳೆ ನಾನು ಹೋದ ಮೇಲೆ ನನ್ನ ಕಪಾಟಿನ ಮುಂದೆ ನೀವು ಕಿತ್ತಾಡಬಾರದು."

ಬೀಗದಕ್ಕನಿಗೆ ನಿಜಕ್ಕೂ ಖುಷಿಯಾಗಿತ್ತು. ಅಂಗಡಿ ತನ್ನದೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೂ ಅಪ್ಪನ ಬಾಯಿಂದ ಆ ಮಾತು ಬರಲಿ ಎಂದು ಎಷ್ಟೋ ವರ್ಷದಿಂದ ಕಾದಿದ್ದಳು. ನಾಲ್ಕು ಲೋಟ ಚಹಾ ತಂದಿಟ್ಟು ಕೂತಳು.

ಅಪ್ಪ ಕೈಗಡಿಯಾರ ಅಣ್ಣನಿಗೆಂದ. ಅಮ್ಮನ ಬಳೆ ಇಬ್ಬರು ಹೆಂಗಸರಿಗೂ ಒಂದೊಂದೆಂದ. ಬ್ಯಾಂಕಿನಲ್ಲಿದ್ದುದು ತನ್ನ ಔಷಧಿಗೆ, ಉಳಿದರೆ ಮಗಳಿಗೆ. ಅಷ್ಟು ಹೇಳಿ ಸಮಾಧಾನದಿಂದ ಒರಗಿಕೊಂಡ.

"ಮತ್ತೆ ಅಂಗಡಿ?" ಎಂದಳು ಅವಳು.

ಅಪ್ಪ ಅವಳನ್ನೇ ನೋಡಿದ. "ಅಂಗಡಿ, ಮನೆ ಎರಡೂ ಹೋದ ವರ್ಷವೇ ಅಣ್ಣನ ಹೆಸರಿಗೆ ದಾನಪತ್ರ ಆಯ್ತಲ್ಲಮ್ಮ. ನೀನೇ ತಕರಾರಿಲ್ಲ ಅಂತ ಸಹಿ ಹಾಕಿದ್ದೀಯ."

ಚಹಾ ಲೋಟ ಬಿಸಿಯಿತ್ತು. ಅವಳು ಅದನ್ನು ಹಿಡಿದೇ ಇದ್ದಳು, ಬಿಸಿ ಗೊತ್ತಾಗಲಿಲ್ಲ.

"ಅವನಿಗೆ ಎರಡು ಮಕ್ಕಳಿವೆ, ಸಂಬಳ ಸಾಲಲ್ಲ" ಎಂದು ಅಪ್ಪ ಹೇಳುತ್ತಲೇ ಇದ್ದ. "ನಿನ್ನ ಕೈಯಲ್ಲಿ ಕಸುಬಿದೆ, ಎಲ್ಲಿ ಕೂತ್ರೂ ಅನ್ನ ಹುಟ್ಟುತ್ತೆ. ಬೇಡ ಅಂತೀಯೇನೋ ಅಂತ ಹೆದರಿಕೊಂಡೇ ಆ ಹಾಳೆ ತಂದಿದ್ದೆ. ನೀನು ಒಂದು ಮಾತೂ ಆಡಲಿಲ್ಲ. ನನ್ನ ಮಗಳಿಗೆ ಎಂಥ ದೊಡ್ಡ ಮನಸ್ಸು ಅಂತ ಅವತ್ತು ಕಣ್ಣೀರು ಹಾಕಿದ್ದೀನಿ."

"ನಾನು ಓದಲಿಲ್ಲ, ಅಪ್ಪಾ."

"ಓದಿ ನೋಡು ಅಂದಿದ್ದೆ."

"ಹೌದು, ನೀನು ಅಂದಿದ್ದೆ. ನಾನು ಓದಲಿಲ್ಲ."

ಅತ್ತಿಗೆ ಸೆರಗಿನ ತುದಿ ನೋಡತೊಡಗಿದಳು. ಬೀಗದಕ್ಕ ಅವನ ಕಡೆ ತಿರುಗಿ, "ಅಂಗಡಿ ನನಗೆ ಬೇಕಿತ್ತು ಅಣ್ಣ. ನೀನೇನು ಮಾಡ್ತೀಯ ಅದನ್ನ?" ಎಂದು ಕೇಳಿದಳು. ನಾಳೆ ಎಷ್ಟು ಹೊತ್ತಿಗೆ ಬಸ್ಸು ಎಂದು ಕೇಳುವ ದನಿಯಲ್ಲೇ ಕೇಳಿದಳು.

"ನನಗೆ ಗೊತ್ತಿರಲಿಲ್ಲ ಕಣೆ, ನೀನು ಒಪ್ಪಿದ್ದೀಯ ಅಂತಲೇ ಅಂದ್ಕೊಂಡಿದ್ದೆ" ಎಂದ ಅಣ್ಣ. ಬೆರಳಿನಿಂದ ಮೇಜನ್ನು ಉಜ್ಜುತ್ತ ಮುಂದುವರಿಸಿದ. "ಮಕ್ಕಳ ಓದಿಗೆ ಮಾರಬೇಕು ಅಂತಿದ್ದೀವಿ. ಆದ್ರೆ ಅಪ್ಪ ಇರೋವರೆಗೆ ಯಾರೂ ನಿನ್ನ ಅಂಗಡಿಯಿಂದ ಏಳು ಅನ್ನಲ್ಲ. ಅದು ಪತ್ರದಲ್ಲೇ ಇದೆ."

ಅಪ್ಪ ಪಕ್ಕದಲ್ಲೇ ಕೂತು ಇದನ್ನೆಲ್ಲ, 'ಅಪ್ಪ ಇರೋವರೆಗೆ' ಎಂಬ ಮಾತನ್ನೂ ಕೇಳಿಸಿಕೊಂಡ.

ಅವಳಿಗೆ ಅಳು ಬರಲಿಲ್ಲ. ಕೋಪ ಬರಬೇಕಿತ್ತು, ಅದೂ ಬರಲಿಲ್ಲ. ಯಾರ ಮೇಲೆ ಎಂದು ಹುಡುಕಿದರೆ ಸಿಗುತ್ತಿದ್ದುದು ತನ್ನದೇ ಸಹಿ. ಸೋಮವಾರ ಎಂದಿನಂತೆ ಷಟರ್ ಎತ್ತಿದಳು. ಆರು ಕೀ ಕತ್ತರಿಸಿದಳು, ಅದರಲ್ಲಿ ಎರಡು ಹಾಳಾದವು. ಮೂವತ್ತು ವರ್ಷದಲ್ಲಿ ಹಾಗಾದದ್ದಿಲ್ಲ. ಗಿರಾಕಿಗಳು ಹುಷಾರಿಲ್ಲವೇ ಎಂದು ಕೇಳಿದರು, ಇದ್ದೇನೆ ಎಂದಳು.

ಅಪ್ಪನೆಂದರೆ ಹಠದ ಮುದುಕ. ಬಿ.ಪಿ. ಮಾತ್ರೆಯನ್ನು ಬೈದುಕೊಂಡೇ ನುಂಗುತ್ತಿದ್ದ, ಕೆಲವು ದಿನ ನುಂಗಿದಂತೆ ನಟಿಸಿ ಕಿಟಕಿಯಾಚೆ ಎಸೆಯುತ್ತಿದ್ದ. ಡಾಕ್ಟರು ನಡೆಯಿರಿ ಎಂದರೆ, ಎಂಬತ್ತರಲ್ಲಿ ಯಾವ ಊರು ಮುಟ್ಟಬೇಕು ಎನ್ನುತ್ತಿದ್ದ. ಆ ವಾರದ ಕೊನೆಗೆ ಅವಳು ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ, ಅಪ್ಪ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಅಲ್ಲಿಂದ ಮತ್ತೆ ಈಚೆಗೆ. ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು.

"ಮಾತ್ರೆ ಆಯ್ತು" ಎಂದ, ಅವಳು ಕೇಳುವ ಮೊದಲೇ. "ಉಪ್ಪು ಇನ್ಮೇಲೆ ಕಮ್ಮಿ ಹಾಕು."

ಅವಳು ಬಕೆಟ್ ಕೆಳಗಿಟ್ಟಳು. "ಎಷ್ಟು ಸುತ್ತು?"

"ಎಂಟು."

ಬೇಡ, ಸಾಕು, ಸುಸ್ತಾಗುತ್ತೆ ಎನ್ನುವ ಮಗಳು ಇವಳು. ಆ ಮಾತು ನಾಲಿಗೆ ತುದಿಗೆ ಬಂದಿತ್ತು.

"ಹತ್ತು ಮಾಡು" ಎಂದಳು.