ಭತ್ತ ತಿರುವುವ ಹೊತ್ತಿನಲ್ಲಿ

‘ಅಣ್ಣಾರ, ಮೂರು ಸಲ ಕರದೆ. ಕೇಳಲಿಲ್ಲೇನ್ರೀ?’

ಬೆಚ್ಚಿ ನಿಂತೆ. ದಢೇಸುಗೂರಿನ ನಮ್ಮ ಕಣದಲ್ಲಿ ಹರವಿದ ಭತ್ತವನ್ನು ಕಾಲಿನಿಂದ ತಿರುವುತ್ತಿದ್ದೆ. ಬರಿಗಾಲು ಎಳೆಯುತ್ತಾ ಸಾಲು ಬಿಡಿಸುತ್ತಾ ಹೋದರೆ ಅಡಿಯ ಹಸಿ ಕಾಳು ಮೇಲೆ ಬಂದು ಒಣಗುತ್ತದೆ. ಎದುರಿಗೆ ಸಿಂಧನೂರಿನ ಧ್ಯಾನದ ಮೇಡಂ ನನ್ನ ಟವಲು ಹಿಡಿದು ನಿಂತಿದ್ದರು.

ಬಿ.ಪಿ. ಹೆಚ್ಚಾಗಿದೆ, ಮನಸ್ಸು ಶಾಂತವಾಗಿರಲಿ ಎಂದು ಡಾಕ್ಟರು ಹೇಳಿದ್ದಕ್ಕೆ ಹಿಂದಿನ ದಿನ ನಮ್ಮೂರಲ್ಲೇ ನಡೆದ ಈ ಮೇಡಂ ಅವರ ಶಿಬಿರಕ್ಕೆ ಹೋಗಿದ್ದೆ. ಮೊದಲು ಮೈ ಕುಣಿಸಿ, ಆಮೇಲೆ ಕಣ್ಣು ಮುಚ್ಚಿ ಕೂಡಬೇಕಂತೆ. ದುಡಿದು ಉಂಡ ಮೈ, ಸುಮ್ಮಸುಮ್ಮನೆ ಕುಣಿಸಲು ನಾಚಿಕೆಯಾಯಿತು. ಐದನೇ ತರಗತಿಗೇ ಸಾಲೆ ಬಿಟ್ಟವನಿಗೆ ಧ್ಯಾನ ದಕ್ಕುವುದಿಲ್ಲ ಎಂದುಕೊಂಡು, ಟವಲನ್ನೂ ಮರೆತು ಎದ್ದು ಬಂದಿದ್ದೆ.

ನಾನು ಬಾಯಿ ತೆರೆಯುವ ಮೊದಲೇ ಕಣದ ಅಂಚಿನಲ್ಲಿದ್ದ ಹೆಂಡತಿ ಅಂದಳು: ‘ನಾ ಒದರಿದ್ರೂ ಹಿಂಗ ರೀ ಮೇಡಮ್ಮಾರ. ಕಿವಿ ಹೋಗ್ಯಾವ ಅಂತ ಮಾಡಿದ್ದೆ!’

ಮೇಡಂ ನಕ್ಕರು. ‘ಕಿವಿ ಚಲೋ ಅದಾವ ರೀ ಅಕ್ಕಾರ. ಶಿಬಿರದಾಗ ಎಲ್ಲಾರೂ ಕುಣಿದು ಮುಟ್ಟೋ ಜಾಗಕ್ಕ ಇವರು ನಡಕೊಂತ ಮುಟ್ಟ್ಯಾರ.’ ಚಪ್ಪಲಿ ಕಳೆದು ತಾವೂ ನನ್ನ ಹಿಂದೆ ಎರಡು ಸುತ್ತು ಕಾಲೆಳೆದರು. ‘ಹಿಮ್ಮಡಿ ಎತ್ತಬ್ಯಾಡ್ರಿ’ ಎಂದು ನಾನೇ ಕಲಿಸಿದೆ.

ಅಂದಿನಿಂದ ಕಣಕ್ಕೆ ಇಳಿದರೆ ಎದೆ ಉಬ್ಬುತ್ತದೆ. ಒಂದೇ ತೊಂದರೆ. ಧ್ಯಾನ ಬಂತೇ, ಬಂತೇ ಎಂದು ನೋಡಿಕೊಳ್ಳುತ್ತಲೇ ನಡೆಯುವುದರಿಂದ, ಈಗ ಹೆಂಡತಿ ಕರೆದರೆ ಮೊದಲನೇ ಸಲಕ್ಕೇ ಕೇಳಿಸಿಬಿಡುತ್ತದೆ.